ಆಂಬುಲೆನ್ಸಿಗೆ ದಾರಿ ಬಿಡುತ್ತೇವೆ, ಅದರ ಮಾತಿಗೆ?



2023ರ ಅಕ್ಟೋಬರ್ 12ರಂದು ನಮ್ಮ ರಾಜ್ಯದ ಎಷ್ಟೋ ಮೊಬೈಲುಗಳು ಒಮ್ಮೆಗೇ ಜೋರಾಗಿ ಕೂಗಿಕೊಂಡದ್ದು ನೆನಪಿದೆಯೇ? ಫೋನು ಕೆಟ್ಟಿತು ಅಂತ ಗಾಬರಿಯಾದವರೂ ಇದ್ದರು. ಅದು ಕೇಂದ್ರ ಸರ್ಕಾರ ಮಾಡಿದ ಪರೀಕ್ಷೆ. ಪ್ರವಾಹ, ಭೂಕಂಪದಂಥ ಆಪತ್ತು ಬಂದಾಗ ಜನರಿಗೆ ಎಚ್ಚರಿಕೆ ಮುಟ್ಟುತ್ತದೆಯೇ ಅಂತ ನೋಡಿದ್ದು. ಜನರನ್ನು ಎಚ್ಚರಿಸುವುದು ಒಂದು ಕೆಲಸ. ಆಪತ್ತಿನ ಜಾಗಕ್ಕೆ ಓಡಿ ಬರುವ ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸಿನವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ಇನ್ನೊಂದು ಕೆಲಸ. ಈ ಎರಡನೆಯದನ್ನು ಈ ಸಲ ತಿಳಿದುಕೊಳ್ಳೋಣ.

ಸ್ಪೆಕ್ಟ್ರಂ ಅಂದರೇನು?

ಮೊಬೈಲು, ರೇಡಿಯೋ, ಪೊಲೀಸರ ವಾಕಿಟಾಕಿ ಎಲ್ಲವೂ ಕಣ್ಣಿಗೆ ಕಾಣದ ರೇಡಿಯೋ ತರಂಗಗಳ ಮೇಲೆ ನಡೆಯುತ್ತವೆ. ಈ ತರಂಗಗಳ ಸಾಲಿಗೇ ಸ್ಪೆಕ್ಟ್ರಂ ಎನ್ನುತ್ತಾರೆ. ಇದು ನಮ್ಮ ಹೇಮಾವತಿ ನಾಲೆಯ ನೀರಿದ್ದ ಹಾಗೆ. ಬೇಕೆಂದಷ್ಟು ಸಿಗುವುದಿಲ್ಲ, ಇರುವುದನ್ನು ಪಾಲು ಮಾಡಿ ಹಂಚಬೇಕು. ಒಂದೇ ಜಾಗದಲ್ಲಿ ಒಂದೇ ಪಾಲನ್ನು ಇಬ್ಬರು ಬಳಸಿದರೆ ಇಬ್ಬರ ಮಾತೂ ಕಲಸಿಹೋಗುತ್ತದೆ. ಆದ್ದರಿಂದ ಯಾರಿಗೆ ಯಾವ ಪಾಲು ಎಂಬುದನ್ನು ಕೇಂದ್ರದ ದೂರಸಂಪರ್ಕ ಇಲಾಖೆ ಗೊತ್ತುಮಾಡುತ್ತದೆ. ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಕೊಳ್ಳುತ್ತವೆ. 2022ರ ಹರಾಜು ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಹೋಯಿತು.

ಎಲ್ಲರ ಹತ್ತಿರ ಮೊಬೈಲಿದೆಯಲ್ಲ, ಸಾಲದೇ?

ಸಾಲದು. ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಫೋನ್ ಮಾಡಿ ನೋಡಿದ್ದೀರಾ? ಕರೆ ಹೋಗುವುದೇ ಇಲ್ಲ. ಒಂದು ಟವರು ಒಂದು ಸಲಕ್ಕೆ ಇಂತಿಷ್ಟೇ ಕರೆ ಹೊರುತ್ತದೆ. ಕೊಬ್ಬರಿ ಶೆಡ್ಡಿಗೋ ತೆಂಗಿನ ನಾರಿನ ಕಾರ್ಖಾನೆಗೋ ಬೆಂಕಿ ಬಿದ್ದರೂ ಹಾಗೇ. ಊರಿಗೆ ಊರೇ ಫೋನು ಹಿಡಿಯುತ್ತದೆ, ವಿಡಿಯೋ ಕಳಿಸುತ್ತದೆ. ಬೆಂಕಿ ಆರಿಸಲು ಬಂದವರೂ ಅದೇ ಸಾಲಿನಲ್ಲಿ ಕಾಯಬೇಕು. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ಅದೂ ಇಲ್ಲ.

ಪೊಲೀಸರಿಗೆ ತಮ್ಮದೇ ವೈರ್‌ಲೆಸ್ ಇದೆ. ಗುಂಡಿ ಒತ್ತಿ ಒಬ್ಬರು ಮಾತಾಡಿದರೆ ಗುಂಪಿನವರೆಲ್ಲ ಕೇಳುತ್ತಾರೆ. ಆದರೆ ಹಳೆಯ ಸೆಟ್ಟುಗಳಲ್ಲಿ ಮಾತು ಹೋಗುತ್ತದೆಯೇ ಹೊರತು ಫೋಟೋ, ನಕ್ಷೆ ಹೋಗುವುದಿಲ್ಲ. ಒಂದು ಇಲಾಖೆಯ ಸೆಟ್ಟು ಇನ್ನೊಂದಕ್ಕೆ ಹೊಂದದಿದ್ದರೆ ಪಕ್ಕದಲ್ಲೇ ಇದ್ದರೂ ಸುದ್ದಿ ಮುಟ್ಟದು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲೆ ದಾಳಿಯಾದಾಗ "ಹೊರಗೆ ಬನ್ನಿ" ಎಂಬ ಆದೇಶ ಒಳಗಿದ್ದ ಎಷ್ಟೋ ಅಗ್ನಿಶಾಮಕದವರಿಗೆ ಕೇಳಿಸಲೇ ಇಲ್ಲ. ಆ ದಿನ ಅವರಲ್ಲಿ 343 ಮಂದಿ ಸತ್ತರು. 2012ರಲ್ಲಿ ಅಮೆರಿಕ ಕಾನೂನು ಮಾಡಿ ರಕ್ಷಣಾ ಕೆಲಸದವರಿಗೆಂದೇ ಸ್ಪೆಕ್ಟ್ರಂ ತೆಗೆದಿಟ್ಟಿತು.

ನಮ್ಮ ದೇಶದಲ್ಲಿ?

2018ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ರಕ್ಷಣಾ ಕೆಲಸದವರಿಗಾಗಿ ದೇಶಕ್ಕೆಲ್ಲ ಒಂದು ಜಾಲ, ಅದಕ್ಕೆ ಪ್ರತ್ಯೇಕ ಸ್ಪೆಕ್ಟ್ರಂ ಬೇಕೆಂದು ಶಿಫಾರಸು ಮಾಡಿತು. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ರೈಲ್ವೆಯ ಸುರಕ್ಷತೆಗಾಗಿ 700 ಮೆಗಾಹರ್ಟ್ಸ್ ವಲಯದಲ್ಲಿ 5 ಮೆಗಾಹರ್ಟ್ಸ್ ಕೊಟ್ಟಿತು. ತಿಪಟೂರಿನ ಮೇಲೆ ಹೋಗುವ ರೈಲಿಗೆ ಸಲ್ಲುವ ನ್ಯಾಯ, ಅದೇ ಊರಿನ ಆಂಬುಲೆನ್ಸಿಗೂ ಸಲ್ಲಬೇಕಲ್ಲವೇ? 2023ರ ದೂರಸಂಪರ್ಕ ಕಾಯ್ದೆಯೂ ದಾರಿ ತೋರಿಸಿದೆ. ವಿಪತ್ತು ನಿರ್ವಹಣೆಗೆ ಹರಾಜಿಲ್ಲದೆ ಸ್ಪೆಕ್ಟ್ರಂ ಕೊಡಬಹುದು. ಆಪತ್ತಿನಲ್ಲಿ ರಕ್ಷಣೆಯವರ ಸಂದೇಶ ಮೊದಲು ಹೋಗುವಂತೆ ಸರ್ಕಾರ ಏರ್ಪಾಡು ಮಾಡಬಹುದು.

ನಾವೇನು ಮಾಡಬಹುದು?

1. ಅನಾಹುತವಾದಾಗ ಒಬ್ಬರು ಸರಿಯಾಗಿ ಕರೆ ಮಾಡಿದರೆ ಸಾಕು. ಉಳಿದವರು ಆ ಹೊತ್ತಿಗೆ ವಿಡಿಯೋ ಕಳಿಸುವುದನ್ನು ಬಿಡಿ, ಸಾಲು ಖಾಲಿಯಾಗಲಿ.

2. ಪೊಲೀಸ್, ಅಗ್ನಿಶಾಮಕಕ್ಕೆ 112, ಆಂಬುಲೆನ್ಸಿಗೆ 108. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರು ಹತ್ತಿರವಿದ್ದರೆ ಅದರ ಮೂಲಕ ಕರೆ ಹೋಗಬಹುದು.

3. ಬರೀ "ಹೊಸಹಳ್ಳಿ" ಅಂದರೆ ಸಾಲದು, ಆ ಹೆಸರಿನ ಊರು ಬಹಳ ಇವೆ. ಹೋಬಳಿ, ತಾಲ್ಲೂಕು, ಹತ್ತಿರದ ಶಾಲೆಯನ್ನೋ ಗುಡಿಯನ್ನೋ ಹೇಳಿ.

4. ಸಿಗ್ನಲ್ ಸಿಗದ ತೋಟ, ಗುಡ್ಡದ ಮರೆಯ ಹಟ್ಟಿಗಳನ್ನು ಸಂಘದಲ್ಲಿ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಕೊಡಿ, ನಡಾವಳಿಯಲ್ಲಿ ಬರೆಸಿ.

ಸಂಘದಲ್ಲಿ ಹಣ ಕಡಿಮೆ ಇದ್ದು, ಒಬ್ಬಳು ಆಸ್ಪತ್ರೆಗೆ ಅಂತಲೂ ಇನ್ನೊಬ್ಬಳು ಹೆಚ್ಚು ಬಡ್ಡಿ ಕೊಡುತ್ತೇನೆ ಅಂತಲೂ ಸಾಲ ಕೇಳಿದರೆ, ಯಾರಿಗೆ ಮೊದಲು ಕೊಡುತ್ತೀರಿ? ಸ್ಪೆಕ್ಟ್ರಂ ಹಂಚುವವರ ಮುಂದೆ ಇರುವುದೂ ಅದೇ ಪ್ರಶ್ನೆ. ಉತ್ತರ ನಿಮಗೆ ಗೊತ್ತಿದೆ. ಅದನ್ನು ಗ್ರಾಮಸಭೆಯಲ್ಲೂ, ಓಟು ಕೇಳಲು ಬಂದವರ ಮುಂದೆಯೂ ಧೈರ್ಯವಾಗಿ ಹೇಳಿ.