ಕತ್ತಿನೊಳಗಿನ ಸಾಸಿವೆ ಕಾಳು

ಫಿನ್ಲೆಂಡಿನ ಮೂವರು ರೋಗಶಾಸ್ತ್ರಜ್ಞರು 101 ಮೃತದೇಹಗಳಿಂದ ಥೈರಾಯ್ಡ್ ಗ್ರಂಥಿಗಳನ್ನು ಬಿಡಿಸಿ ತೆಗೆದು, ಎರಡು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಒಂದೊಂದನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರ ಫಲಿತಾಂಶ ಅಚ್ಚಾದದ್ದು 1985ರಲ್ಲಿ. 36 ಮಂದಿಯ ಗ್ರಂಥಿಯಲ್ಲಿ ಪ್ಯಾಪಿಲರಿ ಎಂಬ ಬಗೆಯ ಕ್ಯಾನ್ಸರ್ ಇತ್ತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು! ಇವರು ಬೇರೆ ಬೇರೆ ಕಾರಣಗಳಿಂದ ತೀರಿಕೊಂಡ ಸಾಮಾನ್ಯ ಜನ. ತಮ್ಮ ಕತ್ತಿನಲ್ಲಿ ಇಂಥದ್ದೊಂದು ಕೂತಿದೆ ಎಂಬುದರ ಸುಳಿವೇ ಇಲ್ಲದೆ ಬಾಳಿ ಹೋದವರು. ಸಿಕ್ಕ ಗಂಟುಗಳಲ್ಲಿ ಬಹುಪಾಲು ಸಾಸಿವೆ ಕಾಳಿಗಿಂತ ದೊಡ್ಡವಲ್ಲ. ಬಿಲ್ಲೆಗಳನ್ನು ಇನ್ನೂ ತೆಳುವಾಗಿ ಹೆಚ್ಚಿದ್ದರೆ ಇನ್ನೆಷ್ಟೋ ಸಿಗುತ್ತಿದ್ದವು. ಹಾಗಾಗಿ ಇಂಥ ಪುಟ್ಟ ಗಂಟನ್ನು ಸಹಜವೆಂದೇ ಎಣಿಸಬೇಕು ಎಂದು ಅವರು ಬರೆದರು.

ಆ ಮಾತು ಆಗ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಅದರ ಬೆಲೆ ತಿಳಿಯಲು ದಕ್ಷಿಣ ಕೊರಿಯಾ ದೊಡ್ಡ ಪಾಠವನ್ನೇ ಕಲಿಯಬೇಕಾಯಿತು.

ಕೊರಿಯಾ ಸರ್ಕಾರ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಆರಂಭಿಸಿತು. ಅದರ ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ತಪಾಸಣೆಗೆ ಬಂದವರಿಗೆ ಆಸ್ಪತ್ರೆಗಳು, ಕ್ಲಿನಿಕ್ಕುಗಳು ಅಲ್ಪ ಹಣಕ್ಕೆ ಕತ್ತಿನ ಅಲ್ಟ್ರಾಸೌಂಡ್ ಸ್ಕ್ಯಾನನ್ನೂ ಮಾಡಿಕೊಡತೊಡಗಿದವು. ನೋವಿಲ್ಲ, ವಿಕಿರಣವಿಲ್ಲ, ಹತ್ತು ನಿಮಿಷದ ಕೆಲಸ. ಯಾರು ಬೇಡವೆಂದಾರು? 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನ ತಮಗೆ ಕ್ಯಾನ್ಸರ್ ಇದೆ ಎಂದು ಕೇಳಿಸಿಕೊಂಡರು. ಈ ಕಾಯಿಲೆಯಿಂದ ಸಾಯುವವರ ಸಂಖ್ಯೆ ಮಾತ್ರ ವರ್ಷಕ್ಕೆ 400ನ್ನು ದಾಟದೆ, ಮೊದಲಿದ್ದಷ್ಟೇ ಉಳಿಯಿತು.

ಈ ಕೊನೆಯ ಸಂಖ್ಯೆಯಲ್ಲೇ ಇಡೀ ಕಥೆಯ ಗುಟ್ಟಿದೆ. ನಿಜಕ್ಕೂ ರೋಗವೇ ಹಬ್ಬಿದ್ದರೆ ಸಾವೂ ಏರಬೇಕಿತ್ತು. ಬೇಗ ಪತ್ತೆಹಚ್ಚಿ ಜೀವ ಉಳಿಸಿದ್ದರೆ ಸಾವು ಇಳಿಯಬೇಕಿತ್ತು. ಎರಡೂ ಆಗಲಿಲ್ಲ. ಅಂದರೆ ಸ್ಕ್ಯಾನಿನಲ್ಲಿ ಕಂಡವುಗಳಲ್ಲಿ ಹೆಚ್ಚಿನವು, ಕಾಣದೆ ಹೋಗಿದ್ದರೂ ಯಾರಿಗೂ ತೊಂದರೆ ಕೊಡದಿದ್ದ ಗಂಟುಗಳು. ಪ್ರಯೋಗಾಲಯ ತಪ್ಪು ವರದಿ ಕೊಟ್ಟಿತ್ತು ಎಂದಲ್ಲ. ಸೂಕ್ಷ್ಮದರ್ಶಕದಲ್ಲಿ ಅವು ಕ್ಯಾನ್ಸರೇ. ಆದರೆ ಕ್ಯಾನ್ಸರಿನ ರೂಪವಿದ್ದ ಮಾತ್ರಕ್ಕೆ ಕ್ಯಾನ್ಸರಿನ ಗುಣವೂ ಇರಬೇಕಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ವೈದ್ಯರಿಗೂ ಕಷ್ಟ, ನಮಗಂತೂ ಇನ್ನೂ ಕಷ್ಟ.

ಕೊರಿಯಾದಲ್ಲಿ ಹಾಗೆ ಪತ್ತೆಯಾದ ಬಹುತೇಕ ಎಲ್ಲರಿಗೂ ಆಪರೇಷನ್ ಆಯಿತು. ಮೂರನೇ ಎರಡರಷ್ಟು ಜನರ ಇಡೀ ಗ್ರಂಥಿಯನ್ನೇ ತೆಗೆದರು. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಂತೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ಅವುಗಳ ಹಿಡಿತದಲ್ಲಿದೆ. ಅವುಗಳಿಗೆ ಪೆಟ್ಟಾದರೆ ಕೈಬೆರಳು, ತುಟಿ ಜುಮುಗುಡುತ್ತವೆ, ಸ್ನಾಯು ಸೆಟೆದುಕೊಳ್ಳುತ್ತದೆ. ಆಪರೇಷನ್ ಆದವರಲ್ಲಿ ನೂರಕ್ಕೆ 11 ಮಂದಿಗೆ ಈ ತೊಂದರೆ ಬಂತು. ಧ್ವನಿಪೆಟ್ಟಿಗೆಗೆ ಹೋಗುವ ನರವೂ ಅಲ್ಲೇ ಹಾಯುತ್ತದೆ. ನೂರಕ್ಕೆ ಇಬ್ಬರ ಸ್ವರತಂತುವಿಗೆ ಪಾರ್ಶ್ವವಾಯು ತಗುಲಿತು. ಪಾಠ ಹೇಳುವ ಮೇಷ್ಟರಿಗೋ ಹಾಡುವವರಿಗೋ ಇದು ಎಂಥ ನಷ್ಟವೆಂದು ಬೇರೆ ಹೇಳಬೇಕೆ? ಇಡೀ ಗ್ರಂಥಿ ಕಳೆದುಕೊಂಡವರಿಗೆ ಜೀವನಪರ್ಯಂತ ಬೆಳಗಿನ ಖಾಲಿ ಹೊಟ್ಟೆಯ ಹಾರ್ಮೋನ್ ಮಾತ್ರೆ ಇದ್ದದ್ದೇ.

ಆ ಮಾತ್ರೆಯೂ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರಚಿಕಿತ್ಸಕ ಥಿಯೋಡೋರ್ ಕೋಚರ್ ಕಣ್ಣಾರೆ ಕಂಡ. ಆಲ್ಪ್ಸ್ ಕಣಿವೆಗಳಲ್ಲಿ ಅಯೋಡಿನ್ ಕೊರತೆಯಿಂದ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ಕೋಚರ್ ಅದನ್ನು ತೆಗೆಯುವುದರಲ್ಲಿ ನಿಸ್ಸೀಮ. 1874ರಲ್ಲಿ ಅವನು ಹನ್ನೊಂದು ವರ್ಷದ ಹುಡುಗಿಯೊಬ್ಬಳ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ್ದ. ಗಾಯ ಚೆನ್ನಾಗಿಯೇ ಮಾಯಿತ್ತು. ವರ್ಷಗಳ ನಂತರ, 1882ರಲ್ಲಿ, ಜಿನೀವಾದ ವೈದ್ಯ ರೆವೆರ್ಡಿನ್, ಪೂರ್ತಿ ಗ್ರಂಥಿ ತೆಗೆಸಿಕೊಂಡವರಲ್ಲಿ ಏನೋ ಬದಲಾವಣೆ ಕಾಣುತ್ತಿದೆ ಎಂದಾಗ ಕೋಚರ್ ತನ್ನ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿದ. ಮರುಪರೀಕ್ಷೆಗೆ ಸಿಕ್ಕ 18 ಮಂದಿಯಲ್ಲಿ 16 ಮಂದಿ ಬಾತ ಮುಖ, ಮಂದ ಮಾತು, ಜಡ ದೇಹ ಹೊತ್ತು ನಿಂತಿದ್ದರು. ಆ ಹುಡುಗಿಯ ಬೆಳವಣಿಗೆಯೇ ನಿಂತುಹೋಗಿತ್ತು. ಕೋಚರ್ ಇದನ್ನು ಮುಚ್ಚಿಡಲಿಲ್ಲ. 1883ರಲ್ಲಿ ಬರ್ಲಿನ್ನಿನಲ್ಲಿ ಶಸ್ತ್ರಚಿಕಿತ್ಸಕರ ಸಭೆಯ ಮುಂದೆ ಎಲ್ಲವನ್ನೂ ಹೇಳಿದ. ಗಳಗಂಡಕ್ಕಾಗಿ ಇಡೀ ಗ್ರಂಥಿ ತೆಗೆಯುವುದನ್ನು ನಿಲ್ಲಿಸಿದ. 1909ರಲ್ಲಿ ಅವನಿಗೆ ನೊಬೆಲ್ ಬಂತು. ಅವನ ಕೈಚಳಕಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು, ಗುಣವಾಗಿ ಮನೆಗೆ ಹೋದ ರೋಗಿಯನ್ನು ವರ್ಷಗಳ ಮೇಲೆ ಮತ್ತೆ ಕರೆದು ನೋಡಿದ ಆ ನಡೆ.

ಅದೇ ಬಗೆಯ ತಾಳ್ಮೆಯನ್ನು ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ ತೋರಿತು. 1993ರಲ್ಲಿ ಅಲ್ಲಿನ ವೈದ್ಯ ಅಕಿರಾ ಮಿಯಾವುಚಿ ಸಹೋದ್ಯೋಗಿಗಳ ಮುಂದೆ ಒಂದು ಸಲಹೆ ಇಟ್ಟರು: ಒಂದು ಸೆಂಟಿಮೀಟರಿಗಿಂತ ದೊಡ್ಡದಲ್ಲದ, ಎಲ್ಲೂ ಹರಡಿರದ, ಶ್ವಾಸನಾಳಕ್ಕೋ ನರಕ್ಕೋ ತಾಗಿರದ ಪ್ಯಾಪಿಲರಿ ಕ್ಯಾನ್ಸರ್ ಇದ್ದವರಿಗೆ ಆಪರೇಷನ್ ಬದಲು ನಿಗಾ ಎಂಬ ದಾರಿಯನ್ನೂ ತೋರಿಸೋಣ. ಗೊತ್ತುಪಡಿಸಿದ ದಿನಕ್ಕೆ ಬಂದು ಸ್ಕ್ಯಾನ್ ಮಾಡಿಸಿಕೊಳ್ಳಲಿ. ಬೆಳೆದರೆ ಆಗ ತೆಗೆಯೋಣ. ಕ್ಯಾನ್ಸರ್ ಇದೆ ಎಂದು ಹೇಳಿ, ಹಾಗೇ ಮನೆಗೆ ಕಳಿಸುವುದು! ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ನಿಗಾದಲ್ಲಿದ್ದ 1,235 ಮಂದಿಯ ಲೆಕ್ಕವನ್ನು ಅವರ ತಂಡ 2014ರಲ್ಲಿ ಪ್ರಕಟಿಸಿತು. ಹತ್ತು ವರ್ಷಗಳಲ್ಲಿ ಗಂಟು ಮೂರು ಮಿಲಿಮೀಟರಿನಷ್ಟಾದರೂ ಬೆಳೆದದ್ದು ನೂರಕ್ಕೆ 8 ಮಂದಿಯಲ್ಲಿ. ದುಗ್ಧಗ್ರಂಥಿಗೆ ಹರಡಿದ್ದು ನೂರಕ್ಕೆ ನಾಲ್ವರಿಗಿಂತ ಕಡಿಮೆ ಜನರಲ್ಲಿ. ಈ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. ತಡವಾಗಿ ಆಪರೇಷನ್ ಮಾಡಿಸಿಕೊಂಡವರಿಗೂ ಆ ತಡದಿಂದ ಕೇಡಾಗಲಿಲ್ಲ. ಇನ್ನೊಂದು ವಿಚಿತ್ರ: ಅರವತ್ತು ದಾಟಿದವರಲ್ಲಿ ಗಂಟು ಬೆಳೆದದ್ದು ಎಲ್ಲರಿಗಿಂತ ಕಡಿಮೆ, ನಲವತ್ತರೊಳಗಿನವರಲ್ಲಿ ಹೆಚ್ಚು. ವಯಸ್ಸಾದಷ್ಟೂ ಕ್ಯಾನ್ಸರ್ ಜೋರು ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗು. ಅಮೆರಿಕದ ಥೈರಾಯ್ಡ್ ಸಂಘವೂ 2015ರ ಮಾರ್ಗಸೂಚಿಯಲ್ಲಿ ಈ ನಿಗಾ ಕ್ರಮವನ್ನು ಒಂದು ಆಯ್ಕೆಯಾಗಿ ಒಪ್ಪಿತು.

ಹೆಸರಿನ ಭಾರವನ್ನು ಇಳಿಸುವ ಕೆಲಸವೂ ನಡೆಯಿತು. ಸುತ್ತ ಕವಚವಿದ್ದು, ಅದನ್ನು ದಾಟದೆ ಒಳಗೇ ಉಳಿಯುವ ಒಂದು ಬಗೆಯ ಥೈರಾಯ್ಡ್ ಗಂಟಿಗೆ ಬಹುಕಾಲ ಕ್ಯಾನ್ಸರ್ ಎಂದೇ ಹೆಸರಿತ್ತು. ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಬೆಲಾರೂಸ್ ಮಕ್ಕಳ ಥೈರಾಯ್ಡ್ ಗಡ್ಡೆಗಳನ್ನು ಅಧ್ಯಯನ ಮಾಡಿದ್ದ ಯೂರಿ ನಿಕಿಫೊರೊವ್ ಅವರ ಮುಂದಾಳತ್ವದಲ್ಲಿ ಏಳು ದೇಶಗಳ 24 ರೋಗಶಾಸ್ತ್ರಜ್ಞರು ಸೇರಿ, ಅಂಥ ಗಂಟಿದ್ದ 109 ಮಂದಿಯ ಹಳೆಯ ದಾಖಲೆ ತೆರೆದರು. ಹತ್ತು ವರ್ಷಕ್ಕೂ ಮೀರಿದ ಅವಧಿಯಲ್ಲಿ ಒಬ್ಬರಿಗೂ ಕಾಯಿಲೆ ಮರುಕಳಿಸಿರಲಿಲ್ಲ. 2016ರಲ್ಲಿ ಆ ಗಂಟಿನ ಹೆಸರಿನಿಂದ ಕ್ಯಾನ್ಸರ್ ಎಂಬ ಪದವನ್ನೇ ತೆಗೆದುಹಾಕಿದರು.

ಇಷ್ಟು ಓದಿ, ಕತ್ತಿನ ಗಂಟನ್ನು ಯಾರೂ ಕಡೆಗಣಿಸಬೇಡಿ. ಚೆರ್ನೋಬಿಲ್ ಸುತ್ತಲ ಮಕ್ಕಳು ವಿಕಿರಣಶೀಲ ಅಯೋಡಿನ್ ಬೆರೆತ ಹಾಲು ಕುಡಿದರು. ಅವರ ಗ್ರಂಥಿಗಳು ಅದನ್ನು ಹೀರಿಕೊಂಡವು. ಮುಂದೆ ಸಾವಿರಾರು ಮಂದಿಗೆ ಕ್ಯಾನ್ಸರ್ ಬಂತು. ಅನಾಪ್ಲಾಸ್ಟಿಕ್ ಎಂಬ ಬಗೆ ಅಪರೂಪ, ಆದರೆ ವಾರಗಳಲ್ಲಿ ಬೆಳೆದು ಉಸಿರು ಕಟ್ಟಿಸುತ್ತದೆ. ಮೆಡುಲರಿ ಎಂಬುದು ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಕೈಗೆ ಗಟ್ಟಿಯಾಗಿ ಸಿಗುವ, ಬೇಗ ಬೆಳೆಯುವ ಗಂಟು, ಬಿಡದೆ ಒಡೆದ ದನಿ, ನುಂಗಲು ಕಷ್ಟ, ಕತ್ತಿನ ಪಕ್ಕದಲ್ಲಿ ಊದಿದ ಗ್ರಂಥಿ, ಮನೆಯವರಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದ ಹಿನ್ನೆಲೆ: ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಾನು ಹೇಳುತ್ತಿರುವುದು ಯಾವ ಲಕ್ಷಣವೂ ಇಲ್ಲದವರನ್ನು ಸಾಲಾಗಿ ಸ್ಕ್ಯಾನ್ ಮಾಡುವ ರೂಢಿಯ ಬಗ್ಗೆ.

ಆ ರೂಢಿ ನಮ್ಮ ಬಾಗಿಲಿಗೂ ಬಂದಿದೆ. ದೇಶದ ಕ್ಯಾನ್ಸರ್ ನೋಂದಣಿಗಳಲ್ಲಿ ತಿರುವನಂತಪುರದ ಹೆಂಗಸರ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ ಬೇರೆ ಊರುಗಳಿಗಿಂತ ಬಹಳ ಮೇಲಿದೆ; ಅತಿಯಾದ ಪತ್ತೆಯೇ ಇದಕ್ಕೆ ದೊಡ್ಡ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಬೆಂಗಳೂರಿನಲ್ಲಿ ‘ನನಗೆ ಥೈರಾಯ್ಡ್ ಇದೆ’ ಎನ್ನುವ ಅಕ್ಕಂದಿರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರು ಹೇಳುವುದು ಹಾರ್ಮೋನ್ ಕಡಿಮೆಯಾದದ್ದನ್ನು. ಅದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಮಾತ್ರೆಯಿಂದ ಸರಿಹೋಗುತ್ತದೆ. ವೈದ್ಯರು ಮುಟ್ಟಿ ನೋಡಿದಾಗ ಗಂಟು ಸಿಗದಿದ್ದರೆ, ಅಷ್ಟಕ್ಕೇ ಸ್ಕ್ಯಾನ್ ಬೇಕಿಲ್ಲ. ಹೇಗೋ ಸ್ಕ್ಯಾನ್ ಆಗಿ ವರದಿಯಲ್ಲಿ ಗಂಟು ಕಂಡರೂ, ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಕ್ಯಾನ್ಸರೇ ಅಲ್ಲ. ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಬೇರೆ ಅಪಾಯದ ಗುರುತುಗಳಿಲ್ಲದಿದ್ದರೆ, ಸಾಮಾನ್ಯವಾಗಿ ಸೂಜಿ ಚುಚ್ಚಿ ಪರೀಕ್ಷಿಸುವುದೂ ಬೇಡ ಎನ್ನುತ್ತವೆ ಮಾರ್ಗಸೂಚಿಗಳು.

ಕೊರಿಯಾದಲ್ಲಿ 2014ರಲ್ಲಿ ಕೆಲವು ವೈದ್ಯರು ಒಟ್ಟಾಗಿ, ಲಕ್ಷಣಗಳಿಲ್ಲದವರ ಥೈರಾಯ್ಡ್ ಸ್ಕ್ಯಾನ್ ನಿಲ್ಲಿಸಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಪತ್ರಿಕೆಗಳು ಅದನ್ನು ಜನರಿಗೆ ಮುಟ್ಟಿಸಿದವು. ಒಂದೇ ವರ್ಷದಲ್ಲಿ ಆ ದೇಶದ ಥೈರಾಯ್ಡ್ ಆಪರೇಷನ್ನುಗಳು ನೂರಕ್ಕೆ 35ರಷ್ಟು ಇಳಿದವು.