ಉತ್ತರ ತಡವಾದಾಗ: ಸಂತ ಮೋನಿಕಾರ ಪ್ರಾರ್ಥನೆಯನ್ನು ಕುರಿತ ಚಿಂತನೆ

ಕ್ರಿ.ಶ. 383ರಲ್ಲಿ ಅಗಸ್ಟೀನರು ಕಾರ್ಥೇಜಿನಿಂದ ರೋಮಿಗೆ ಹಡಗು ಹತ್ತಿದ ರಾತ್ರಿ, ಅವರ ತಾಯಿ ಮೋನಿಕಾ ಕಡಲ ತೀರದ ಸಮೀಪದಲ್ಲಿದ್ದ ಸಂತ ಸಿಪ್ರಿಯಾನರ ಸ್ಮಾರಕ ಮಂದಿರದಲ್ಲಿ ಕಣ್ಣೀರಿಡುತ್ತಾ ಪ್ರಾರ್ಥಿಸುತ್ತಿದ್ದರು. ಮಗ ಹೊರಡಬಾರದು ಎಂಬುದೊಂದೇ ಅವರ ಬೇಡಿಕೆ. ಗಾಳಿ ಅನುಕೂಲವಾಗುವವರೆಗೆ ಗೆಳೆಯನೊಬ್ಬನ ಜೊತೆಗಿರಬೇಕೆಂದು ಸುಳ್ಳು ಹೇಳಿದ ಮಗ ಬೆಳಗಾಗುವಷ್ಟರಲ್ಲಿ ದೂರ ಹೋಗಿದ್ದರು. ‘ಕನ್ಫೆಷನ್ಸ್’ ಗ್ರಂಥದ ಐದನೆಯ ಪುಸ್ತಕದಲ್ಲಿ ಅಗಸ್ಟೀನರು ಈ ಘಟನೆಯನ್ನು ನೆನೆಯುತ್ತಾರೆ. ತಾಯಿ ಸದಾ ಬೇಡುತ್ತಿದ್ದುದನ್ನು ಕೊಡುವುದಕ್ಕಾಗಿಯೇ, ಆ ರಾತ್ರಿ ಬೇಡಿದ್ದನ್ನು ದೇವರು ಕೊಡಲಿಲ್ಲ ಎಂಬುದು ಅವರ ವಿವರಣೆ. ಆ ಪಯಣವೇ ಮುಂದೆ ಅವರನ್ನು ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸರ ಬಳಿಗೆ ಕರೆತಂದಿತು. 387ರ ಪಾಸ್ಖ ಜಾಗರಣೆಯಂದು ಅವರ ದೀಕ್ಷಾಸ್ನಾನವಾಯಿತು.

ಈ ವಿವರಣೆಯನ್ನು ನಾವು ಪ್ರಬೋಧನೆಗಳಲ್ಲಿ ಪದೇ ಪದೇ ಬಳಸುತ್ತೇವೆ. ಅದರಲ್ಲಿ ದೋಷವಿಲ್ಲ. ಆದರೆ ಅದನ್ನು ಬರೆದವರು ಮಗನೇ ಹೊರತು ತಾಯಿಯಲ್ಲ. ಬರೆದದ್ದೂ ಆಕೆ ಒಸ್ತಿಯಾದಲ್ಲಿ ತೀರಿಕೊಂಡು ಸುಮಾರು ಹತ್ತು ವರ್ಷಗಳು ಕಳೆದ ಬಳಿಕ. ತೀರದಲ್ಲಿ ನಿಂತಿದ್ದ ಮೋನಿಕಾರಿಗೆ ಹಿಂದೊಮ್ಮೆ ಕಂಡ ಕನಸಿನ ನೆನಪಿತ್ತು, ಧರ್ಮಾಧ್ಯಕ್ಷರೊಬ್ಬರು ಹೇಳಿದ್ದ ಸಾಂತ್ವನದ ಮಾತಿತ್ತು. ಆ ಹಡಗು ಏಕೆ ಹೊರಟಿತೆಂಬುದು ಮಾತ್ರ ತಿಳಿದಿರಲಿಲ್ಲ. ತಿಳಿಯದೆಯೇ ಅವರು ಮನೆಗೆ ಮರಳಿ, ಅದೇ ಮಗನಿಗಾಗಿ ಪುನಃ ಪ್ರಾರ್ಥಿಸತೊಡಗಿದರು.

ಗುರುದೀಕ್ಷೆಯಾದ ಆರಂಭದ ವರ್ಷಗಳಲ್ಲಿ ನನಗೆ ಈ ವ್ಯತ್ಯಾಸ ಹೊಳೆದಿರಲಿಲ್ಲ. ಮಗ ಕುಡಿತ ಬಿಡಲೆಂದು ವರ್ಷಗಟ್ಟಲೆ ಪ್ರಾರ್ಥಿಸಿ ದಣಿದಿದ್ದ ತಾಯಿಯೊಬ್ಬರಿಗೆ ಮೋನಿಕಾರ ಕಥೆಯನ್ನು ದೀಕ್ಷಾಸ್ನಾನದವರೆಗೂ ಹೇಳಿ ಮುಗಿಸಿದೆ. ಅವರು ಸಾವಧಾನವಾಗಿ ಕೇಳಿ, “ಸ್ವಾಮಿ, ಆ ಮಗ ಬದಲಾದ. ನನ್ನ ಮಗನೂ ಬದಲಾಗುತ್ತಾನೆಂದು ನಿಮಗೆ ಗೊತ್ತೇ?” ಎಂದರು. ನನಗೆ ಗೊತ್ತಿರಲಿಲ್ಲ.

ಈ ಪ್ರಶ್ನೆಯನ್ನು ದೈವಶಾಸ್ತ್ರ ನನಗಿಂತ ಪ್ರಾಮಾಣಿಕವಾಗಿ ಎದುರಿಸಿದೆ. ಸಂತ ಥಾಮಸ್ ಅಕ್ವಿನಾಸರ ಪ್ರಕಾರ ಪ್ರಾರ್ಥನೆ ದೇವರ ಸಂಕಲ್ಪವನ್ನು ಬದಲಿಸುವ ಸಾಧನವಲ್ಲ. ಪ್ರಾರ್ಥನೆಯ ಮೂಲಕವೇ ನೆರವೇರಲೆಂದು ದೇವರು ಸಂಕಲ್ಪಿಸಿರುವ ಸಂಗತಿಗಳಿವೆ (‘ಸುಮ್ಮಾ’, 2-2, ಪ್ರಶ್ನೆ 83). ಅದೇ ಪ್ರಶ್ನೆಯಲ್ಲಿ, ಪ್ರಾರ್ಥನೆ ತಪ್ಪದೆ ಫಲಿಸಲು ಅವರು ನಾಲ್ಕು ನಿಬಂಧನೆಗಳನ್ನು ಹೇಳುತ್ತಾರೆ: ತನಗಾಗಿ ಬೇಡಬೇಕು, ರಕ್ಷಣೆಗೆ ಅಗತ್ಯವಾದುದನ್ನು ಬೇಡಬೇಕು, ಭಕ್ತಿಯಿಂದ ಬೇಡಬೇಕು, ಎಡೆಬಿಡದೆ ಬೇಡಬೇಕು. ಮೊದಲನೆಯದನ್ನು ವಿದ್ಯಾರ್ಥಿಗಳು ಸ್ವಾರ್ಥವೆಂದು ಭಾವಿಸುವುದುಂಟು. ಥಾಮಸರ ಆಶಯ ಬೇರೆ. ಇನ್ನೊಬ್ಬರಿಗಾಗಿ ಬೇಡುವಾಗ ಆ ಇನ್ನೊಬ್ಬರೇ ಕೃಪೆಗೆ ಅಡ್ಡಿಯಾಗಬಲ್ಲರು. ಎಂದರೆ, ತಾಯಿಯ ಪ್ರಾರ್ಥನೆ ಎಷ್ಟೇ ನಿರ್ಮಲವಾಗಿದ್ದರೂ ಫಲಿತಾಂಶಕ್ಕೆ ಗುರುಗಳು ಜಾಮೀನು ನಿಲ್ಲಲಾಗದು.

ಹಾಗಾದರೆ ಎಡೆಬಿಡದೆ ಬೇಡುವುದಕ್ಕೆ ಆಧಾರವೇನು? ನಾವು ಸಾಮಾನ್ಯವಾಗಿ ಲೂಕನ ಶುಭಸಂದೇಶದ ವಿಧವೆಯ ಕಡೆಗೆ (18:1-8) ತಿರುಗುತ್ತೇವೆ. ಅಲ್ಲಿ ನ್ಯಾಯಾಧೀಶ ತನ್ನ ಭಯವನ್ನು ಹೇಳಿಕೊಳ್ಳಲು ಬಳಸುವ ಗ್ರೀಕ್ ಕ್ರಿಯಾಪದ ‘ಹ್ಯುಪೊಪಿಯಾಜೊ’ ಮುಷ್ಟಿಯುದ್ಧದ ಕಣದ ಮಾತು. ಕಣ್ಣಿನ ಕೆಳಗೆ ಗುದ್ದುವುದು ಎಂದು ಅದರ ಮೂಲಾರ್ಥ. ವಿಧವೆಯೊಬ್ಬಳಿಂದ ಏಟು ತಿನ್ನುವ ಆತಂಕದಲ್ಲಿರುವ ಅಧಿಕಾರಿ! ಈ ಹಾಸ್ಯವನ್ನು ಗಮನಿಸದೆ, ದೇವರನ್ನೂ ಹೀಗೆಯೇ ಪೀಡಿಸಿ ಒಪ್ಪಿಸಬೇಕೆಂದು ಬೋಧಿಸುವವರಿದ್ದಾರೆ. ಯೇಸುಸ್ವಾಮಿಯ ವಾದ ಇದಕ್ಕೆ ವಿರುದ್ಧವಾದುದು: ಅನ್ಯಾಯಗಾರನೇ ಕಿವಿಗೊಟ್ಟನೆಂದ ಮೇಲೆ ತಂದೆಯಾದ ದೇವರು ಕಿವಿಗೊಡದಿರುವರೇ? ಆದರೂ ಸಾಮತಿ ಉತ್ತರ ದೊರೆತ ಸಂತೋಷದಲ್ಲಿ ನಿಲ್ಲುವುದಿಲ್ಲ. ನರಪುತ್ರನು ಬಂದಾಗ ಭೂಮಿಯ ಮೇಲೆ ವಿಶ್ವಾಸವನ್ನು ಕಾಣುವನೋ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ದೇವರು ತಡಮಾಡಿದರೇ ಎಂದು ಕೇಳುತ್ತಿದ್ದವರು ಈಗ ತಾವೇ ಪ್ರಶ್ನೆಗೆ ಗುರಿಯಾಗುತ್ತಾರೆ.

ಗೆತ್ಸೆಮನೆಯಲ್ಲಿ ಯೇಸುಸ್ವಾಮಿ ಮೂರನೆಯ ಬಾರಿಯೂ ಅವೇ ಮಾತುಗಳಿಂದ ಪ್ರಾರ್ಥಿಸಿದರೆಂದು ಮತ್ತಾಯನು ಬರೆಯುತ್ತಾನೆ (26:44). ಹಿಬ್ರಿಯರಿಗೆ ಬರೆದ ಪತ್ರ ಅವರ ಮೊರೆ ಆಲಿಸಲ್ಪಟ್ಟಿತು ಎನ್ನುತ್ತದೆ (5:7). ಪಾತ್ರೆಯಾದರೋ ತೊಲಗಲಿಲ್ಲ. ಆಲಿಸಲ್ಪಟ್ಟದ್ದು ಮೂರನೆಯ ದಿನದ ಮುಂಜಾನೆ ಪ್ರಕಟವಾಯಿತು; ಶುಕ್ರವಾರದಂದು ಅದಕ್ಕೆ ಯಾವ ಗುರುತೂ ಇರಲಿಲ್ಲ. ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನ ಧರ್ಮಸಭೆ ನಮ್ಮ ಬಾಯಲ್ಲಿ ಹೇಳಿಸುವ 88ನೆಯ ಕೀರ್ತನೆಯೂ ಅಂಥದೇ. ಬಹುತೇಕ ಪ್ರಲಾಪ ಕೀರ್ತನೆಗಳು ಕೊನೆಗೆ ಸ್ತುತಿಯತ್ತ ಹೊರಳುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ನಿದ್ದೆಗಣ್ಣಿನಲ್ಲಿ ಅದನ್ನು ಓದಿ ಮುಗಿಸುವ ನಮಗೆ, ಉತ್ತರ ಕಾಣದ ಪ್ರಾರ್ಥನೆಯೂ ಧರ್ಮಸಭೆಯ ಅಧಿಕೃತ ಪ್ರಾರ್ಥನೆಯೇ ಎಂಬುದು ಹೊಳೆಯುವುದು ಅಪರೂಪ.

ಅಗಸ್ಟೀನರೇ ಸುಮಾರು 412ರಲ್ಲಿ, ರೋಮಿನಿಂದ ಆಫ್ರಿಕಕ್ಕೆ ವಲಸೆ ಬಂದಿದ್ದ ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ (130ನೆಯದು) ಇನ್ನೊಂದು ಹೆಜ್ಜೆ ಮುಂದಿಡುತ್ತಾರೆ. ನಮ್ಮ ಅಗತ್ಯ ದೇವರಿಗೆ ಮೊದಲೇ ಗೊತ್ತು. ಬೇಡುವುದರಿಂದ ಅವರಿಗೆ ಹೊಸದೇನೂ ತಿಳಿಯುವುದಿಲ್ಲ. ಬೇಡುತ್ತಾ ಹೋದಂತೆ ನಮ್ಮ ಹಂಬಲ ಪಳಗುತ್ತದೆ, ಅವರು ಕೊಡಲಿರುವುದನ್ನು ಹಿಡಿಸಿಕೊಳ್ಳುವಷ್ಟು ಹಿಗ್ಗುತ್ತದೆ. ಅದೇ ಪತ್ರದಲ್ಲಿ, ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದೆಂಬ ಪೌಲರ ಮಾತನ್ನೂ (ರೋಮ 8:26) ಅವರು ಎತ್ತಿಕೊಳ್ಳುತ್ತಾರೆ. ಕಡಲ ತೀರದ ಆ ತಾಯಿಯ ಮಗ ಅದನ್ನು ಬರೆಯುವಾಗ ಯಾರನ್ನು ನೆನೆದಿರಬಹುದೆಂದು ನಾನು ಊಹಿಸಿಕೊಳ್ಳುತ್ತೇನೆ.

ನನ್ನನ್ನು ಪ್ರಶ್ನಿಸಿದ ಆ ತಾಯಿ ಇಂದು ಬಂದರೆ, ಕಥೆಯನ್ನು ಮಿಲಾನಿನವರೆಗೆ ಎಳೆಯುವುದಿಲ್ಲ. ಅವರೊಡನೆ ಕುಳಿತು 88ನೆಯ ಕೀರ್ತನೆಯನ್ನು ಓದುತ್ತೇನೆ. ಮಗನ ಹೆಸರು ಕೇಳಿ ಬಲಿಪೂಜೆಯಲ್ಲಿ ಸ್ಮರಿಸುತ್ತೇನೆ. ಕುಡಿತದ ಚಿಕಿತ್ಸೆ ಎಲ್ಲಿ ದೊರೆಯುತ್ತದೆ ಎಂಬುದನ್ನೂ ತಿಳಿಸುತ್ತೇನೆ. ಅಂದು ಅದನ್ನು ಹೇಳದೆ ಕಳುಹಿಸಿದ್ದು ನನ್ನ ಇನ್ನೊಂದು ತಪ್ಪು. ಮುಂದಿನ ವಾರ ಮತ್ತೆ ಬನ್ನಿ ಎನ್ನುತ್ತೇನೆ.