ಮನೆಯೊಳಗಿನ ಆಮೆ

ಬಸವನಗುಡಿಯಲ್ಲಿ ನಮ್ಮ ನೆರೆಮನೆಗೆ ಕೆಲವು ತಿಂಗಳ ಹಿಂದೆ ಒಂದು ಆಮೆಮರಿ ಬಂದಿತು. ಹಸುರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ, ಗಾತ್ರದಲ್ಲಿ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಮಕ್ಕಳು ಅದನ್ನು ಗಾಜಿನ ಬೋಗುಣಿಯಲ್ಲಿರಿಸಿ, ಅನ್ನದ ಅಗುಳು ಹಾಕಿ, ಅಕ್ಕರೆಯಿಂದ ಸಾಕಿದರು. ಕೆಲವು ತಿಂಗಳಲ್ಲಿ ಅದರ ಚಿಪ್ಪು ಮೆತ್ತಗಾಯಿತು, ರೆಪ್ಪೆಗಳು ಊದಿಕೊಂಡವು. “ಮೇಷ್ಟ್ರೇ, ಇದನ್ನು ಲಾಲ್‌ಬಾಗಿನ ಕೆರೆಗೆ ಬಿಟ್ಟುಬಿಡೋಣವೆ?” ಎಂದು ಆ ಮನೆಯ ಯಜಮಾನರು ಕೇಳಿದರು. ಬೇಡವೆಂದೆವು. ಏಕೆಂಬುದನ್ನು ಇಲ್ಲಿ ಅರಿಕೆಮಾಡುತ್ತೇವೆ.

ಮೊದಲು ತಿಳಿಯಬೇಕಾದುದು ಆಮೆಯ ಜಾತಿ. ನಮ್ಮ ನಾಡಿನ ನಕ್ಷತ್ರ ಆಮೆಯನ್ನಾಗಲಿ, ಕೆರೆಯ ಆಮೆಗಳನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮನೆಗೆ ಅದೃಷ್ಟ ತರುತ್ತದೆಂಬ ನಂಬಿಕೆ ಇದಕ್ಕೆ ಸಮಾಧಾನವಾಗಲಾರದು. ನೆರೆಮನೆಯದು ಅಮೆರಿಕದ ದಕ್ಷಿಣ ಭಾಗದ ‘ರೆಡ್ ಇಯರ್ಡ್ ಸ್ಲೈಡರ್’. ಅದು ಹೊರನಾಡಿನದಾದುದರಿಂದಲೇ ಕೆರೆಗೆ ಬಿಡಬಾರದು. ಸಿಕ್ಕಿದುದನ್ನೆಲ್ಲ ತಿಂದು, ಬಿಸಿಲು ಕಾಯುವ ತಾಣಗಳನ್ನು ಆಕ್ರಮಿಸಿ, ಅದು ಸ್ಥಳೀಯ ಆಮೆಗಳಿಗೆ ಕಂಟಕವಾಗುತ್ತದೆ. ಲೋಕದ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಉಂಟು.

ಹಾಗಾದರೆ ಅದಕ್ಕೆ ಮನೆಯಲ್ಲಿ ಎಂತಹ ವಸತಿ ಬೇಕು? ಹೆಣ್ಣು ಆಮೆ ಹತ್ತು ಹನ್ನೆರಡು ಅಂಗುಲದವರೆಗೂ ಬೆಳೆಯಬಲ್ಲದು. ಚಿಪ್ಪಿನ ಪ್ರತಿ ಅಂಗುಲ ಉದ್ದಕ್ಕೆ ಸುಮಾರು 40 ಲೀಟರ್ ನೀರು ಹಿಡಿಯುವ ತೊಟ್ಟಿಯಿರಬೇಕೆಂಬುದು ಸಾಮಾನ್ಯ ಲೆಕ್ಕ. ಐದಂಗುಲದ ಆಮೆಗೆ ಇದರಂತೆ 200 ಲೀಟರ್ ಆಯಿತು. ಇದನ್ನು ನೋಡಿದರೆ ಬೋಗುಣಿಯು ಸೆರೆಮನೆಯೇ ಸರಿ. ನೀರಿನ ಆಳವು ಚಿಪ್ಪಿನ ಉದ್ದದ ಒಂದೂವರೆ ಪಟ್ಟಾದರೂ ಇರಲಿ. ಆಮೆ ನೀರಿನಲ್ಲಿಯೇ ಉಣ್ಣುವುದು, ಅಲ್ಲಿಯೇ ಮಲ ವಿಸರ್ಜಿಸುವುದು. ಆದಕಾರಣ ನೀರು ಶೋಧಿಸುವ ಯಂತ್ರವೂ, ಆಗಾಗ ನೀರು ಬದಲಾಯಿಸುವ ಅಭ್ಯಾಸವೂ ಅವಶ್ಯ.

ಆಮೆಯು ತನ್ನ ದೇಹದ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಹೊರಗಿನ ಶಾಖವನ್ನೇ ನಂಬಿದೆ. ನೀರು ಸುಮಾರು 25 ಡಿಗ್ರಿ ಸೆಂಟಿಗ್ರೇಡ್ ಬೆಚ್ಚಗಿರಬೇಕು. ನಮ್ಮ ಊರಿನ ಧನುರ್ಮಾಸದ ರಾತ್ರಿಗಳಲ್ಲಿ ಇದಕ್ಕೆ ಹೀಟರ್ ಬೇಕಾದೀತು. ತೊಟ್ಟಿಯ ಒಂದು ಕಡೆ ಪೂರ್ತಿ ಒಣಗಿದ ಕಲ್ಲು ಅಥವಾ ಹಲಗೆಯನ್ನು ನಿಲ್ಲಿಸಿ, ಅದರ ಮೇಲೆ 30ರಿಂದ 32 ಡಿಗ್ರಿ ಶಾಖ ಬೀಳುವಂತೆ ದೀಪವನ್ನು ಅಳವಡಿಸಬೇಕು.

ಇನ್ನು ಚಿಪ್ಪು ಮೆತ್ತಗಾದುದರ ರಹಸ್ಯ. ಸೂರ್ಯನ ನೇರಳಾತೀತ ಕಿರಣಗಳಿಂದ ದೇಹದಲ್ಲಿ ‘ಡಿ’ ಜೀವಸತ್ತ್ವ ಉಂಟಾಗುತ್ತದೆ. ಅದಿಲ್ಲದೆ ಸುಣ್ಣದ ಅಂಶ ಎಲುಬಿಗೆ ಹತ್ತದು. ಕಿಟಕಿಯ ಗಾಜು ಈ ಉಪಯುಕ್ತ ಕಿರಣಗಳನ್ನು ತಡೆಯುವುದರಿಂದ ಗಾಜಿನೊಳಗಿನ ಬಿಸಿಲು ಸಾಲದು. ಅದಕ್ಕಾಗಿಯೇ ಮಾಡಿದ ದೀಪವನ್ನು ದಿನಕ್ಕೆ 10ರಿಂದ 12 ಗಂಟೆ ಉರಿಸಬೇಕು. ರೆಪ್ಪೆ ಊದುವುದು ಬಹುಮಟ್ಟಿಗೆ ‘ಎ’ ಜೀವಸತ್ತ್ವದ ಕೊರತೆಯ ಕುರುಹು. ಅನ್ನ, ಬ್ರೆಡ್ಡು, ಹಾಲು ಆಮೆಯ ಆಹಾರವಲ್ಲ. ಮರಿಗೆ ಮೀನು, ಹುಳು ಹೆಚ್ಚಾಗಿರಲಿ. ಬೆಳೆದಂತೆಲ್ಲ ಸೊಪ್ಪು ಹೆಚ್ಚಲಿ.

ಮತ್ತೊಂದು ಎಚ್ಚರಿಕೆ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. ಈ ಕಾರಣದಿಂದಲೇ ಅಮೆರಿಕದಲ್ಲಿ ನಾಲ್ಕಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ತೊಟ್ಟಿಯ ನೀರನ್ನು ಅಡಿಗೆಮನೆಯಲ್ಲಿ ಚೆಲ್ಲಬಾರದು.

ನೆರೆಮನೆಯವರು ಪಶುವೈದ್ಯರಿಗೆ ತೋರಿಸಿ, ದೊಡ್ಡ ತೊಟ್ಟಿಯನ್ನೂ ದೀಪವನ್ನೂ ತಂದರು. ಆಮೆ ಈಗ ಕಣ್ಣು ತೆರೆದಿದೆ. ಚಿಪ್ಪು ನಿಧಾನವಾಗಿ ಗಟ್ಟಿಯಾಗುತ್ತಿದೆ. ಚೆನ್ನಾಗಿ ಸಾಕಿದರೆ ಅದು ಮೂವತ್ತು ವರ್ಷವಾದರೂ ಬದುಕಬಹುದು. ಆ ಮನೆಯ ಕಿರಿಯ ಮಗಳಿಗೆ ಈಗ ಎಂಟು ವರ್ಷ. ಅಂದಮೇಲೆ ಅವಳಿಗೆ ನಲವತ್ತು ಸಮೀಪಿಸುವ ಕಾಲಕ್ಕೂ ಆಮೆಗೆ ಯಾರಾದರೂ ಸೊಪ್ಪು ಹಾಕುತ್ತಿರಬೇಕು. ಆಮೆ ಕೊಳ್ಳಹೊರಟವರು ಮನೆಯಲ್ಲಿ ಕುಳಿತು ಈ ಲೆಕ್ಕವನ್ನು ಮೊದಲು ಮಾಡಲೆಂಬುದು ನಮ್ಮ ವಿಜ್ಞಾಪನೆ.